ಹಳೆಯ ಕಂಪ್ಯೂಟರ್‌ಗೆ 2,840 ರೂಪಾಯಿ

ಮಂಡ್ಯದಲ್ಲಿ ನನ್ನದೊಂದು ಚಿಕ್ಕ ಡಿಟಿಪಿ ಅಂಗಡಿ. 2014ರಲ್ಲಿ ಕೊಂಡ ಕಂಪ್ಯೂಟರೇ ಅದರ ಆಧಾರ: ಇಂಟೆಲ್ ಕೋರ್ ಐ3-4150 ಪ್ರೊಸೆಸರ್, ಎಲ್ಲ ಭಾಗಗಳೂ ಕೂರುವ ಎಚ್81 ಮದರ್‌ಬೋರ್ಡ್, ನಡೆಯುತ್ತಿರುವ ಕೆಲಸವನ್ನು ತಾತ್ಕಾಲಿಕವಾಗಿ ಹಿಡಿದಿಡುವ 4 ಜಿಬಿ ರ‍್ಯಾಮ್, 500 ಜಿಬಿ ಹಾರ್ಡ್ ಡಿಸ್ಕ್. ಕಳೆದ ಲಗ್ನದ ಕಾಲದಲ್ಲಿ ಅದು ಶುರುವಾಗಲು ಮೂರು ನಿಮಿಷ ಮೀರತೊಡಗಿತು. ಲಗ್ನಪತ್ರಿಕೆಯ ಕರಡು ನೋಡಲು ಬಂದ ಹಿರಿಯರು ನಿಂತೇ ಇರುತ್ತಿದ್ದರು. ನನಗೆ ಜೀವ ಹಿಡಿಯಷ್ಟಾಗುತ್ತಿತ್ತು.

ಹೊಸದು ಕೊಳ್ಳಿ ಎಂದವರೇ ಹೆಚ್ಚು. ಆದರೆ ಕನ್ನಡ ಟೈಪಿಸುವ ‘ನುಡಿ’ ತಂತ್ರಾಂಶದ ಹತ್ತು ವರ್ಷದ ಕಡತಗಳೂ ಅವುಗಳಿಗೆ ಹೊಂದಿದ ಹಳೆಯ ತಂತ್ರಾಂಶವೂ ಅದರಲ್ಲೇ ಇದ್ದವು. ಬಿಡಲು ಮನಸ್ಸಾಗಲಿಲ್ಲ.

ಮೊದಲು, ಯಾವ ಭಾಗ ಎಷ್ಟು ದುಡಿಯುತ್ತಿದೆ ಎಂದು ತೋರಿಸುವ ಟಾಸ್ಕ್ ಮ್ಯಾನೇಜರ್ ತೆರೆದಿಟ್ಟುಕೊಂಡೇ ಕೆಲಸ ಮಾಡಿದೆ. ಪ್ರೊಸೆಸರ್ ಬಳಕೆ ಶೇ 15ರ ಆಸುಪಾಸು, ಡಿಸ್ಕ್ ಸದಾ ಶೇ 100. ಅಂದರೆ ತಡವಾಗುತ್ತಿದ್ದುದು ಡಿಸ್ಕ್‌ನಿಂದ. ಪ್ರೊಸೆಸರ್ ಬದಲಿಸುವ ಯೋಚನೆಯನ್ನು ಅಲ್ಲಿಗೇ ಕೈಬಿಟ್ಟು, 1,750 ರೂಪಾಯಿಗೆ ಹಾರ್ಡ್ ಡಿಸ್ಕ್‌ಗಿಂತ ಬಹಳ ವೇಗದ 256 ಜಿಬಿಯ ಸಾಟಾ ಎಸ್‌ಎಸ್‌ಡಿ ತಂದೆ. ಒಂದು ವಿಷಯ ನೆನಪಿಡಿ: ಎಚ್81ರಲ್ಲಿ ಡಿಸ್ಕ್ ಜೋಡಿಸುವ ನಾಲ್ಕು ಸಾಟಾ ಪೋರ್ಟ್‌ಗಳಿದ್ದರೆ ಎರಡು ಮಾತ್ರ 6 ಗಿಗಾಬಿಟ್ ವೇಗದವು, ಉಳಿದೆರಡು 3 ಗಿಗಾಬಿಟ್‌ನವು. ಮದರ್‌ಬೋರ್ಡ್ ಕೈಪಿಡಿ ನೋಡಿ ವೇಗದ ಪೋರ್ಟ್‌ಗೇ ಎಸ್‌ಎಸ್‌ಡಿ ಜೋಡಿಸಿದೆ.

ಪೆಟ್ಟು ತಿಂದದ್ದು ರ‍್ಯಾಮ್‌ನಲ್ಲಿ. ಅಗ್ಗಕ್ಕೆ ಸಿಕ್ಕಿತೆಂದು 8 ಜಿಬಿಯ ಡಿಡಿಆರ್3 ಬಗೆಯದನ್ನು ತರಿಸಿದೆ. ಹಾಕಿದರೆ ಫ್ಯಾನ್ ತಿರುಗುತ್ತದೆ, ಪರದೆ ಮಾತ್ರ ಕಪ್ಪು. ಮದರ್‌ಬೋರ್ಡೇ ಹೋಯಿತೇನೋ ಎಂದು ಎದೆ ಧಸಕ್ಕೆಂದಿತು. ಹಳೆಯದನ್ನು ಮತ್ತೆ ಸಿಕ್ಕಿಸಿದೆ, ಶುರುವಾಯಿತು. ಪೊಟ್ಟಣವನ್ನು ಬೆಳಕಿಗೆ ಹಿಡಿದಾಗ ಸಣ್ಣಕ್ಷರದಲ್ಲಿ ಕಂಡಿತು: ಎಎಂಡಿ ಮದರ್‌ಬೋರ್ಡ್‌ಗೆ ಮಾತ್ರ. ಅದನ್ನು ಹಿಂದಿರುಗಿಸಿದೆ. ಬಳಿಕ ಕಂಪ್ಯೂಟರನ್ನೇ ಬಸ್ಸಿನಲ್ಲಿ ಮೈಸೂರಿಗೆ ಒಯ್ದು, ಪಿಸಿ3-12800 ಎಂಬ ವೇಗದ ಗುರುತಿದ್ದ ಬಳಸಿದ 8 ಜಿಬಿ ರ‍್ಯಾಮನ್ನು ಅಂಗಡಿಯವರ ಮುಂದೆಯೇ ಹಾಕಿ ನೋಡಿ, 900 ರೂಪಾಯಿ ಕೊಟ್ಟೆ. ಹಳೆಯ ರ‍್ಯಾಮ್ ಕೊಳ್ಳುವವರು ಹೀಗೇ ಮಾಡಬೇಕು.

ಪೆಟ್ಟಿಗೆ ಬಿಚ್ಚಿದ್ದರಿಂದ ಪ್ರೊಸೆಸರ್ ಮೇಲಿನ ಫ್ಯಾನನ್ನೂ ತೆಗೆದೆ. ಅಂಗಡಿಯ ಹಿಂದೆಯೇ ಆಲೆಮನೆ. ಅದರ ಬೂದಿಯೂ ರಸ್ತೆಯ ಧೂಳೂ ಸೇರಿ, ಬಿಸಿ ಹೊರಹಾಕುವ ಲೋಹದ ಹೀಟ್‌ಸಿಂಕ್‌ನ ಸಂದುಗಳಲ್ಲಿ ಕಂಬಳಿಯಂತೆ ಹೆಣೆದುಕೊಂಡಿತ್ತು. ಪ್ರೊಸೆಸರ್‌ನ ಬಿಸಿಯನ್ನು ಅದಕ್ಕೆ ದಾಟಿಸುವ ಥರ್ಮಲ್ ಪೇಸ್ಟ್ ಒಣಗಿ ಸುಣ್ಣದ ಹಕ್ಕಳೆಯಾಗಿತ್ತು. ಅದನ್ನು ಒರೆಸಿ, ಹೊಸದನ್ನು ಅರ್ಧ ಕಡಲೆಕಾಳಿನಷ್ಟು ಇಟ್ಟೆ, ಹೆಚ್ಚು ಬೇಕಿಲ್ಲ. ಫ್ಯಾನಿನ ನಾಲ್ಕು ಪಿನ್‌ಗಳನ್ನು ಎದುರುಬದುರು ಜೋಡಿಯಾಗಿ ಒತ್ತಬೇಕು, ಇಲ್ಲವಾದರೆ ಒಂದು ಬದಿ ಎದ್ದುಕೊಳ್ಳುತ್ತದೆ. 84 ಡಿಗ್ರಿ ಮುಟ್ಟುತ್ತಿದ್ದ ಬಿಸಿ 61ಕ್ಕೆ ಇಳಿಯಿತು. ಪೇಸ್ಟ್‌ಗೆ 150 ರೂಪಾಯಿ.

ಇನ್ನು ಕಂಪ್ಯೂಟರಿನ ಗಡಿಯಾರವನ್ನು ನಡೆಸುವ 40 ರೂಪಾಯಿಯ ಸಿಆರ್2032 ಬ್ಯಾಟರಿ. ಕರೆಂಟ್ ಹೋದಾಗಲೆಲ್ಲ ದಿನಾಂಕ ಹಿಂದಕ್ಕೆ ಹೋಗಿ ಬ್ಯಾಂಕಿನ ಪುಟ ತೆರೆಯದೆ ಸತಾಯಿಸುತ್ತಿದ್ದುದು ಹಳೆಯ ಬಿಲ್ಲೆ ಸತ್ತಿದ್ದರಿಂದಲೇ.

ಈಗ 22 ಸೆಕೆಂಡಿನಲ್ಲಿ ಕಂಪ್ಯೂಟರ್ ಸಿದ್ಧ. ನಾಲ್ಕನೇ ತಲೆಮಾರಿನ ಈ ಪ್ರೊಸೆಸರ್‌ಗೆ ವಿಂಡೋಸ್ 11ರ ಅರ್ಹತೆಯಿಲ್ಲ. ವಿಂಡೋಸ್ 10ರ ಸಾಮಾನ್ಯ ಬೆಂಬಲವೂ (ಭದ್ರತಾ ಅಪ್‌ಡೇಟ್) 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಹಾಗಾಗಿ ಇಮೇಲ್ ಮತ್ತು ಬ್ಯಾಂಕಿಗೆ ವಿಂಡೋಸ್ ಜೊತೆಗೇ ಲಿನಕ್ಸ್ ಮಿಂಟ್ ಎಂಬ ಇನ್ನೊಂದು ಕಾರ್ಯಾಚರಣಾ ವ್ಯವಸ್ಥೆ ಹಾಕಿಕೊಂಡಿದ್ದೇನೆ. ಡಿಟಿಪಿ ಕೆಲಸಕ್ಕೆ ವಿಂಡೋಸ್ ತೆರೆಯುವ ಮುನ್ನ ಇಂಟರ್ನೆಟ್ ಕೇಬಲನ್ನು ಕಿತ್ತಿಡುತ್ತೇನೆ.