ಸಿಂಟ್ರಾದಲ್ಲಿ ಮನೆ ಹಿಡಿಯುವ ಮುನ್ನ

ಲಿಸ್ಬನ್ನಿಗೆ ಕೆಲಸಕ್ಕೆಂದು ಬಂದವರು ಅಲ್ಲಿನ ಬಾಡಿಗೆ ಕೇಳಿ ಬೆಚ್ಚಿ ಸಿಂಟ್ರಾ ರೈಲು ಮಾರ್ಗದ ಕಡೆ ಮನೆ ಹುಡುಕುವುದುಂಟು. ಸಿಂಟ್ರಾ ಎಂದರೆ ಅರಮನೆಗಳ ಊರು. ಆದರೆ ವಿಳಾಸದಲ್ಲಿ ‘ಸಿಂಟ್ರಾ’ ಎಂದು ಕಂಡ ಮಾತ್ರಕ್ಕೆ ಅರಮನೆಯ ಪಕ್ಕದ ಮನೆ ಎಂದುಕೊಳ್ಳಬೇಡಿ. ಅದು ದೊಡ್ಡದೊಂದು ಪುರಸಭೆಯ ಹೆಸರೂ ಹೌದು. ಕೆಲೂಶ್, ಕಸೇಂನಂಥ ಬೇರೆ ಊರುಗಳೆಲ್ಲವೂ ಅದರೊಳಗೇ ಬರುತ್ತವೆ. ಬೆಟ್ಟಕ್ಕೆ ಒರಗಿಕೊಂಡಿರುವ ಹಳೆಯ ಊರಿಗೆ ಇಲ್ಲಿಯವರು ‘ವಿಲಾ’ ಎನ್ನುತ್ತಾರೆ. ಲಿಸ್ಬನ್ನಿನ ರೊಸ್ಸಿಯೊ ನಿಲ್ದಾಣದಿಂದ ರೈಲಿನಲ್ಲಿ ಸುಮಾರು 40 ನಿಮಿಷ.

ಇಲ್ಲಿನ ತಂಪು, ಅರಮನೆ, ಮನೆಯೊಳಗಿನ ತೇವ ಎಲ್ಲದಕ್ಕೂ ಕಾರಣ ಆ ಬೆಟ್ಟ. ಎತ್ತರ ಸುಮಾರು 530 ಮೀಟರ್ ಅಷ್ಟೆ, ನಮ್ಮ ಮಲೆನಾಡಿನವರು ನಕ್ಕಾರು. ಆದರೆ ಗ್ರಾನೈಟಿನ ಈ ಸಾಲು ಪಶ್ಚಿಮಕ್ಕೆ ಚಾಚಿ, ಯುರೋಪಿನ ಮುಖ್ಯ ಭೂಭಾಗದ ಪಡುವಣ ತುದಿಯಾದ ಕಾಬೊ ದ ರೋಕಾದ ಬಳಿ ಕಡಲಿಗೆ ಇಳಿಯುತ್ತದೆ. ಅಟ್ಲಾಂಟಿಕ್‌ನಿಂದ ಬರುವ ತೇವದ ಗಾಳಿ ಇದಕ್ಕೆ ಬಡಿದು ಮೇಲೇರಿ ಮಂಜಾಗುತ್ತದೆ. ಆಗಸ್ಟ್‌ನಲ್ಲಿ ಲಿಸ್ಬನ್ ಕಾದ ಕಾವಲಿಯಂತಿರುವಾಗಲೂ ಇಲ್ಲಿ ಸ್ವೆಟರ್ ಬೇಕಾದೀತು.

ರಾಜರು ಬಂದದ್ದೂ ಈ ತಂಪಿಗೇ, ಜೊತೆಗೆ ಬೇಟೆಗೆ. 1147ರಲ್ಲಿ ‘ಮೂರ್’ ಎಂದು ಕರೆಯುತ್ತಿದ್ದ ಮುಸ್ಲಿಮರ ಕೈಯಿಂದ ಪೋರ್ಚುಗಲ್‌ನ ಮೊದಲ ದೊರೆ ಅಫೊನ್ಸೊ ಎನ್ರಿಕೆಸ್ ವಶಕ್ಕೆ ಬಂದ ಊರಿದು. 15ನೇ ಶತಮಾನದಲ್ಲಿ ಒಂದನೇ ಜುವಾಂವ್ ಊರೊಳಗಿನ ಅರಮನೆಯನ್ನು ಹಿಗ್ಗಿಸಿದ. ದೂರದಿಂದಲೇ ಕಾಣುವ ಎರಡು ಬಿಳಿ ಶಂಕುಗಳು ಗೋಪುರಗಳಲ್ಲ, ಅಡುಗೆಮನೆಯ ಹೊಗೆಗೂಡುಗಳು. ಎತ್ತರ 33 ಮೀಟರ್! ಇದೇ ಅರಮನೆಯಲ್ಲಿ ಆರನೇ ಅಫೊನ್ಸೊನನ್ನು ಅವನ ತಮ್ಮನೇ ಸೆರೆಯಲ್ಲಿಟ್ಟಿದ್ದ. 1683ರಲ್ಲಿ ಅವನು ತೀರಿಕೊಂಡದ್ದೂ ಇಲ್ಲೇ. ನನಗಂತೂ ಅವನ ಕೋಣೆಯೆದುರು ನಿಂತಷ್ಟು ಹೊತ್ತು ಪೆನಾದಲ್ಲಿ ನಿಲ್ಲುವ ಮನಸ್ಸಾಗುವುದಿಲ್ಲ. ಪೆನಾ ಎಂದರೆ ಬೆಟ್ಟದ ತಲೆಯ ಮೇಲಿನ ಹಳದಿ-ಕೆಂಪು ಅರಮನೆ. 1838ರಲ್ಲಿ ಹಾಳುಬಿದ್ದ ಮಠವೊಂದನ್ನು ಕೊಂಡು ಎರಡನೇ ಫೆರ್ನಾಂಡೊ ಅದನ್ನು ಕಟ್ಟಿಸಿದ. 1910ರ ಅಕ್ಟೋಬರಿನಲ್ಲಿ ಗಣರಾಜ್ಯ ಬಂದಾಗ ರಾಣಿ ಅಮೇಲಿಯಾ ಗಡಿಪಾರಿಗೆ ಹೊರಟದ್ದು ಅಲ್ಲಿಂದಲೇ.

ಅಂದಹಾಗೆ, ಗೋವೆಯ ವೈಸರಾಯ್ ಆಗಿದ್ದ ಜುವಾಂವ್ ದ ಕಾಸ್ತ್ರೊನ ತೋಟದ ಮನೆಯೂ ಈ ಬೆಟ್ಟದಲ್ಲಿದೆ. ಗುಜರಾತಿನ ಸಂಸ್ಕೃತ ಶಾಸನವೊಂದು ಆ ತೋಟ ಸೇರಿ, ‘ಸಿಂಟ್ರಾ ಪ್ರಶಸ್ತಿ’ (ಪ್ರಶಸ್ತಿ ಎಂದರೆ ಇಲ್ಲಿ ಹೊಗಳಿಕೆಯ ಶಾಸನ) ಎಂದೇ ವಿದ್ವಾಂಸರಿಗೆ ಪರಿಚಿತವಾಯಿತು.

ಇನ್ನು ಮನೆಯ ವಿಚಾರ. ವಿಲಾದಲ್ಲಿ ಮನೆ ಸಿಕ್ಕಿತೆಂದು ಹಿಗ್ಗಿ ಮುಂಗಡ ಕೊಟ್ಟುಬಿಡಬೇಡಿ. ರಾಜರಿಗೆ ಬಟ್ಟೆ ಒಣಗಿಸುವ ಕೆಲಸವಿರಲಿಲ್ಲ, ನಮಗಿದೆ. ಬೆಟ್ಟದ ನೆರಳಿನ ಉತ್ತರದ ಇಳಿಜಾರಿನಲ್ಲಿ ಚಳಿಗಾಲದ ಒಗೆತ ಮೂರು ದಿನವಾದರೂ ಹಸಿಯಾಗಿಯೇ ಇರುತ್ತದೆ. ಬೀರುವನ್ನು ಸರಿಸಿ ಹಿಂದಿನ ಗೋಡೆ ನೋಡಿ; ಬೂಷ್ಟಿಗೆ ಇಲ್ಲಿ ‘ಬೊಲೋರ್’ ಎನ್ನುತ್ತಾರೆ. ಮನೆಯೊಡೆಯರು ಹೊಸದಾಗಿ ಸುಣ್ಣ ಬಳಿಸಿದ್ದರೆ ಇನ್ನೊಂದು ಸಲ ಮೂಸಿ ನೋಡಿ.