ಟೈಮ್ ಟ್ರಾವೆಲ್ ಕಥೆ ಕೇಳಿದವರಿಗೆ ನಾನು ಕೊಡುವ ಹೆಸರುಗಳು

ಒಳ್ಳೆಯ ಟೈಮ್ ಟ್ರಾವೆಲ್ ಕಥೆ ಇದ್ದರೆ ಹೇಳಿ ಅಂತ ಯಾರಾದರೂ ಕೇಳಿದರೆ ನಾನು ತಕ್ಷಣ ಹೆಸರು ಹೇಳುವುದಿಲ್ಲ. ಮೊದಲು ಒಂದು ಪ್ರಶ್ನೆ ಕೇಳುತ್ತೇನೆ: "ಕಥೆಯಲ್ಲಿ ಹಿಂದಕ್ಕೆ ಹೋದವರು ಆಗಿಹೋದದ್ದನ್ನು ಬದಲಾಯಿಸಬೇಕಾ, ಇಲ್ಲ ಏನು ಮಾಡಿದರೂ ಅದು ಬದಲಾಗಬಾರದಾ?" ಕೆಲವರು ಥಟ್ಟನೆ ಉತ್ತರ ಕೊಡುತ್ತಾರೆ. ಕೆಲವರು ಸ್ವಲ್ಪ ಹೊತ್ತು ಯೋಚಿಸುತ್ತಾರೆ. ಉತ್ತರ ಬಂದ ಮೇಲೆ ಹೆಸರು ಹುಡುಕುವುದು ಸುಲಭ.

ನಾನು ಪಿಯು ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಮಾಡುತ್ತೇನೆ. ಪಾಠ ಮುಗಿದ ಮೇಲೆ ಮಕ್ಕಳು ಕೇಳುವ ಪ್ರಶ್ನೆಗಳಲ್ಲಿ ಬ್ಲ್ಯಾಕ್ ಹೋಲ್ ಮತ್ತು ಟೈಮ್ ಟ್ರಾವೆಲ್ ಬಿಟ್ಟು ಬೇರೆ ಬರುವುದು ಕಡಿಮೆ. ಸ್ಟಾಫ್ ರೂಮಿನಲ್ಲೂ ಮನೆಯಲ್ಲೂ ಈ ಮಾತು ಬರುತ್ತದೆ. ಹೀಗೆ ವರ್ಷಗಟ್ಟಲೆ ಒಬ್ಬೊಬ್ಬರಿಗೆ ಒಂದೊಂದು ಕಥೆ ಕೊಡುತ್ತಾ ಬಂದೆ. ಇಬ್ಬರಿಗೂ ಸಿನಿಮಾ ಅಂದರೆ ಪ್ರಾಣ ಇರಬಹುದು, ಇಬ್ಬರಿಗೂ ವಿಜ್ಞಾನ ಇಷ್ಟ ಇರಬಹುದು. ಆದರೂ ಒಬ್ಬರಿಗೆ ಹಿಡಿಸಿದ್ದು ಇನ್ನೊಬ್ಬರಿಗೆ ಹಿಡಿಸುವುದಿಲ್ಲ. ಕಳೆದದ್ದರ ಜೊತೆ ಅವರಿಗೆ ಎಂಥ ಸಂಬಂಧ ಇದೆ ಅನ್ನುವುದರ ಮೇಲೆ ಅದು ನಿಲ್ಲುತ್ತದೆ ಅಂತ ನನಗೆ ನಿಧಾನವಾಗಿ ಗೊತ್ತಾಯಿತು. ಅದಕ್ಕೇ ಆ ಪ್ರಶ್ನೆ.

ವಿದ್ಯಾರ್ಥಿಗಳಲ್ಲಿ ಹೆಚ್ಚಿನವರು 'ಬದಲಾಗಬೇಕು' ಅನ್ನುತ್ತಾರೆ. ಹದಿನೇಳರ ವಯಸ್ಸಿನಲ್ಲಿ ಅದು ಸಹಜ ಅಲ್ವಾ? ಅವರಿಗೆ 1985ರ 'ಬ್ಯಾಕ್ ಟು ದ ಫ್ಯೂಚರ್' ಕೊಡುತ್ತೇನೆ. ಹಳೇ ಸಿನಿಮಾ ಅಂತ ಮೂಗು ಮುರಿದವರೂ ಮೊದಲ ಅರ್ಧ ಗಂಟೆಯ ಮೇಲೆ ಎದ್ದು ಹೋಗುವುದಿಲ್ಲ. ಒಂದು ಸಲ ಕಥೆಗಾಗಿ ನೋಡಿ, ಇನ್ನೊಂದು ಸಲ ಬರವಣಿಗೆಗಾಗಿ ನೋಡಿ ಅಂತ ಹೇಳುತ್ತೇನೆ. ಊರಿನ ಗಡಿಯಾರ ಗೋಪುರಕ್ಕೆ 1955ರಲ್ಲಿ ಸಿಡಿಲು ಬಡಿದದ್ದನ್ನು ಶುರುವಿನಲ್ಲೇ ಒಂದು ಕರಪತ್ರದ ನೆಪದಲ್ಲಿ ಹೇಳಿಬಿಡುತ್ತಾರೆ. 1955ಕ್ಕೆ ಹೋಗಿ ಸಿಕ್ಕಿಬಿದ್ದ ನಾಯಕ ಮಾರ್ಟಿ ಕೊನೆಯಲ್ಲಿ ವಾಪಸ್ ಬರುವುದು ಅದೇ ಸಿಡಿಲಿನ ಕರೆಂಟಿನಿಂದ. ಅಲ್ಲಿ ಅವನಿಂದಾಗಿ ಅಪ್ಪ ಅಮ್ಮನ ಭೇಟಿಯೇ ತಪ್ಪಿದಾಗ, ಅವನ ಜೇಬಿನ ಫೋಟೋದಲ್ಲಿ ಅಣ್ಣ, ಅಕ್ಕ ಒಬ್ಬೊಬ್ಬರಾಗಿ ಮಾಸಿಹೋಗುತ್ತಾರೆ. ಈ ಕಥೆಯಲ್ಲಿ ಕಾಲದ ನಿಯಮ ಏನು ಅಂತ ಮಾತಿನಲ್ಲಿ ವಿವರಿಸುವ ಅಗತ್ಯವೇ ಬೀಳದಂತೆ ಆ ಒಂದು ಫೋಟೋ ಹೇಳಿಬಿಡುತ್ತದೆ.

ಇದರ ಬೆನ್ನಿಗೇ ಅವರು ಆಗಲೇ ನೋಡಿರುವ ಒಂದು ಕಥೆಯನ್ನು ನೆನಪಿಸುತ್ತೇನೆ: ಹ್ಯಾರಿ ಪಾಟರ್ ಸರಣಿಯ ಮೂರನೆಯದು, 'ಪ್ರಿಸನರ್ ಆಫ್ ಅಜ್ಕಬಾನ್'. ಕೆರೆಯ ಆಚೆ ದಡದಲ್ಲಿ ನಿಂತು ತನ್ನನ್ನು ಕಾಪಾಡಿದವರು ತನ್ನ ತಂದೆ ಅಂತ ಹ್ಯಾರಿ ನಂಬಿರುತ್ತಾನೆ. ಮೂರು ಗಂಟೆ ಹಿಂದಕ್ಕೆ ಹೋದಾಗ ಗೊತ್ತಾಗುತ್ತದೆ, ಅದು ತಾನೇ ಅಂತ. ಇಲ್ಲಿ ಏನೂ ಬದಲಾಗಲಿಲ್ಲ. ಅವನು ಹಿಂದಕ್ಕೆ ಹೋಗಿದ್ದು ಮೊದಲೇ ನಡೆದದ್ದರ ಭಾಗವಾಗಿತ್ತು. ಬೋರ್ಡಿನ ಮೇಲೆ ಮಾರ್ಟಿಗೆ ಕವಲೊಡೆಯುವ ಗೆರೆ ಹಾಕುತ್ತೇನೆ, ಹ್ಯಾರಿಗೆ ತನ್ನನ್ನೇ ಮುಟ್ಟುವ ಒಂದು ಸುತ್ತು ಹಾಕುತ್ತೇನೆ. ಇಡೀ ತರಗತಿ ಒಮ್ಮೆಗೇ ಮಾತಾಡಲು ಶುರು ಮಾಡುತ್ತದೆ. ನನಗೆ ತುಂಬಾ ಇಷ್ಟವಾದ ಗಲಾಟೆ ಅದು.

ಆ ಸುತ್ತಿನ ರುಚಿ ಹತ್ತಿದವರಿಗೆ ಮುಂದಿನದು 2007ರ ಸ್ಪ್ಯಾನಿಷ್ ಸಿನಿಮಾ 'ಟೈಮ್‌ಕ್ರೈಮ್ಸ್'. ನಿರ್ದೇಶಕ ನಾಚೋ ವಿಗಾಲೊಂಡೊ. ಒಂದು ಮನೆ, ಪಕ್ಕದಲ್ಲಿ ಕಾಡು, ಬೆರಳೆಣಿಕೆಯ ನಟರು, ಸುಮಾರು ಒಂದೂವರೆ ಗಂಟೆ. ನಾಯಕ ಹಿಂದಕ್ಕೆ ಹೋಗುವುದು ವರ್ಷಗಳಷ್ಟಲ್ಲ, ಸ್ವಲ್ಪ ಹೊತ್ತು ಅಷ್ಟೆ. ತಲೆಗೆ ಬ್ಯಾಂಡೇಜ್ ಸುತ್ತಿಕೊಂಡ ಒಬ್ಬ ಮನುಷ್ಯ ಕಾಡಿನಲ್ಲಿ ಓಡಾಡುತ್ತಿರುತ್ತಾನೆ. ಇದಕ್ಕಿಂತ ಹೆಚ್ಚು ನಾನು ಯಾರಿಗೂ ಹೇಳುವುದಿಲ್ಲ. ದುಡ್ಡು ಕಡಿಮೆ ಇದ್ದರೂ ಯೋಚನೆ ಬಿಗಿಯಾಗಿದ್ದರೆ ಎಂಥ ಸಿನಿಮಾ ಮಾಡಬಹುದು ಅಂತ ಕಿರುಚಿತ್ರ ಮಾಡುವ ಹುಡುಗರಿಗೆ ಇದನ್ನೇ ತೋರಿಸುತ್ತೇನೆ. ಅವರಿಗೇ ಕ್ರಿಸ್ ಮಾರ್ಕರ್ ಅವರ 'ಲ ಜೆತೇ'ಯನ್ನೂ ಹೇಳುತ್ತೇನೆ. 1962ರ ಫ್ರೆಂಚ್ ಚಿತ್ರ, 28 ನಿಮಿಷ, ಹೆಚ್ಚುಕಡಿಮೆ ಪೂರ್ತಿ ಸ್ಥಿರಚಿತ್ರಗಳೇ. '12 ಮಂಕೀಸ್' ಎಂಬ ಹಾಲಿವುಡ್ ಸಿನಿಮಾ ಹುಟ್ಟಿದ್ದು ಇದರಿಂದಲೇ.

ಮನೆಯ ಹಿರಿಯರ ವಿಷಯಕ್ಕೆ ಬಂದರೆ ದಾರಿ ಬೇರೆ. ಅವರಿಗೆ ನಾನು ಭಾಗವತದ ರೇವತಿಯ ಕಥೆಯಿಂದ ಶುರು ಮಾಡುತ್ತೇನೆ. ರಾಜ ಕಕುದ್ಮಿ ತನ್ನ ಮಗಳು ರೇವತಿಗೆ ವರ ಯಾರು ಅಂತ ಕೇಳಲು ಅವಳನ್ನೇ ಕರೆದುಕೊಂಡು ಬ್ರಹ್ಮಲೋಕಕ್ಕೆ ಹೋಗುತ್ತಾನೆ. ಅಲ್ಲಿ ಗಾಯನ ನಡೆಯುತ್ತಿರುತ್ತದೆ, ಸ್ವಲ್ಪ ಹೊತ್ತು ಕಾಯುತ್ತಾನೆ. ಆಮೇಲೆ ಕೇಳಿದಾಗ ಬ್ರಹ್ಮ ನಗುತ್ತಾನೆ. ನೀನು ಮನಸ್ಸಿನಲ್ಲಿಟ್ಟುಕೊಂಡ ವರಗಳೆಲ್ಲ ಹೋಗಿಬಿಟ್ಟರು, ಅವರ ಮಕ್ಕಳು ಮೊಮ್ಮಕ್ಕಳ ಹೆಸರೂ ಈಗ ಕೇಳಿಬರುವುದಿಲ್ಲ, ಭೂಮಿಯಲ್ಲಿ 27 ಚತುರ್ಯುಗ ಕಳೆದಿವೆ ಅನ್ನುತ್ತಾನೆ. ಕೊನೆಗೆ ರೇವತಿ ಬಲರಾಮನ ಹೆಂಡತಿಯಾಗುತ್ತಾಳೆ.

ಈ ಕಥೆ ಗೊತ್ತಿರುವವರಿಗೆ 'ಇಂಟರ್‌ಸ್ಟೆಲ್ಲರ್' ಸಿನಿಮಾ ಅರ್ಥ ಮಾಡಿಸುವುದು ಕಷ್ಟವೇ ಅಲ್ಲ. ಬ್ಲ್ಯಾಕ್ ಹೋಲ್ ಹತ್ತಿರದ ಆ ನೀರಿನ ಗ್ರಹದಲ್ಲಿ ಒಂದು ಗಂಟೆ ಅಂದರೆ ಭೂಮಿಯಲ್ಲಿ 7 ವರ್ಷ. ನಾಯಕ ಕೂಪರ್ ನೌಕೆಗೆ ಮರಳಿದಾಗ 23 ವರ್ಷದ ವಿಡಿಯೋ ಸಂದೇಶಗಳು ಅವನಿಗಾಗಿ ಕಾದಿರುತ್ತವೆ. ಮಗ ಬೆಳೆದು ಮದುವೆಯಾಗಿ, ಅಪ್ಪ ಬರುತ್ತಾನೆ ಅನ್ನುವ ಆಸೆಯನ್ನೂ ಬಿಟ್ಟಿರುತ್ತಾನೆ. ಪುರಾಣ ಬರೆದವರಿಗೆ, ವೇಗ ಅಥವಾ ಗುರುತ್ವ ಹೆಚ್ಚಿದ್ದಲ್ಲಿ ಕಾಲ ನಿಧಾನವಾಗುತ್ತದೆ ಅನ್ನುವ ಸಾಪೇಕ್ಷತಾ ಸಿದ್ಧಾಂತ ಗೊತ್ತಿತ್ತು ಅಂತ ನಾನು ಹೇಳುವುದಿಲ್ಲ, ಯಾರಾದರೂ ಹೇಳಿದರೆ ಒಪ್ಪುವುದೂ ಇಲ್ಲ. ಆದರೆ ಮರಳಿ ಬಂದಾಗ ನಮ್ಮವರು ಇರುವುದಿಲ್ಲ ಅನ್ನುವ ಸಂಕಟ ಎರಡರಲ್ಲೂ ಒಂದೇ.

ಈ ಜಾಗದಲ್ಲಿ ನನ್ನೊಳಗಿನ ಮೇಷ್ಟ್ರು ಎದ್ದು ಕೂರುತ್ತಾರೆ. ಮುಂದಕ್ಕೆ ಹೋಗುವ ಟೈಮ್ ಟ್ರಾವೆಲ್ ಸುಮ್ನೆ ಕಲ್ಪನೆಯಲ್ಲ. 1971ರಲ್ಲಿ ಹಾಫೆಲೆ ಮತ್ತು ಕೀಟಿಂಗ್ ಎಂಬ ಇಬ್ಬರು ಪರಮಾಣು ಗಡಿಯಾರಗಳನ್ನು ಮಾಮೂಲಿ ಪ್ರಯಾಣಿಕರ ವಿಮಾನದಲ್ಲಿ ಇಟ್ಟುಕೊಂಡು ಭೂಮಿ ಸುತ್ತಿ ಬಂದರು. ನೆಲದ ಮೇಲಿದ್ದ ಗಡಿಯಾರಕ್ಕೂ ಅವಕ್ಕೂ ನ್ಯಾನೋಸೆಕೆಂಡುಗಳ ವ್ಯತ್ಯಾಸ ಬಂತು, ಸಿದ್ಧಾಂತ ಹೇಳಿದ ಹಾಗೆಯೇ. ಜಿಪಿಎಸ್ ಉಪಗ್ರಹದ ಗಡಿಯಾರ ನೆಲದ ಗಡಿಯಾರಕ್ಕಿಂತ ದಿನಕ್ಕೆ ಸುಮಾರು 38 ಮೈಕ್ರೋಸೆಕೆಂಡು ಮುಂದೆ ಓಡುತ್ತದೆ. ಅದನ್ನು ಸರಿಪಡಿಸದಿದ್ದರೆ ಮೊಬೈಲ್ ಮ್ಯಾಪ್ ಒಂದೇ ದಿನದಲ್ಲಿ ದಾರಿ ತಪ್ಪಿಸುತ್ತದೆ. ಹಿಂದಕ್ಕೆ ಹೋಗಲು ಮಾತ್ರ ಯಾರಿಗೂ ದಾರಿ ಸಿಕ್ಕಿಲ್ಲ. ಅದಕ್ಕೇ ಒಳ್ಳೆಯ ಕಥೆಗಳೆಲ್ಲ ಜಾಸ್ತಿ ಆ ಕಡೆಗೇ ಹೋಗುತ್ತವೆ ಅನ್ನಿಸುತ್ತದೆ.

ನನ್ನ ಅಮ್ಮನಿಗೆ ಈ ಜಾತಿಯ ಕಥೆಗಳಲ್ಲಿ ಮೊದಲು ಹಿಡಿಸಿದ್ದು 1991ರ ತೆಲುಗು ಸಿನಿಮಾ 'ಆದಿತ್ಯ 369'. ನಿರ್ದೇಶಕರು ನಮಗೆ ಹೊಸಬರಲ್ಲ. 'ಹಾಲು ಜೇನು', 'ಚಲಿಸುವ ಮೋಡಗಳು' ಮಾಡಿದ ಸಿಂಗೀತಂ ಶ್ರೀನಿವಾಸ ರಾವ್ ಅವರೇ. ಯಂತ್ರ ಹೋಗಿ ನಿಲ್ಲುವುದು 1526ರ ವಿಜಯನಗರದಲ್ಲಿ, ಕೃಷ್ಣದೇವರಾಯನ ಆಸ್ಥಾನದಲ್ಲಿ. ಅಲ್ಲಿ ತೆನಾಲಿ ರಾಮಕೃಷ್ಣನೂ ಇದ್ದಾನೆ. ಹಂಪಿಯ ಕಲ್ಲುಗಳನ್ನು ಪ್ರವಾಸದಲ್ಲಿ ನೋಡಿದವರಿಗೆ ಆ ಊರು ಜನ, ಸಂತೆ, ಸಂಗೀತದಿಂದ ತುಂಬಿರುವುದನ್ನು ನೋಡುವ ಖುಷಿಯೇ ಬೇರೆ. ಆಮೇಲೆ ಕಥೆ 2504ಕ್ಕೆ ಜಿಗಿಯುತ್ತದೆ. ಆ ಭಾಗದ ಸೆಟ್ಟುಗಳು ಈಗ ಹಳತಾಗಿ ಕಾಣುತ್ತವೆ, ಆದರೆ ಧೈರ್ಯ ಹಳತಾಗಿಲ್ಲ. ತಮಿಳಿನಲ್ಲಿ 2015ರ 'ಇನ್ರು ನೇಟ್ರು ನಾಳೈ' ಕೂಡ ಮನೆಮಂದಿಯೆಲ್ಲ ಕೂತು ನೋಡುವಂಥದ್ದು. ಭವಿಷ್ಯದಿಂದ ಬಂದ ಯಂತ್ರವೊಂದು ಇಬ್ಬರು ಗೆಳೆಯರ ಕೈಗೆ ಸಿಗುತ್ತದೆ. ಅವರು ಅದನ್ನು ಜನರು ಕಳೆದುಕೊಂಡ ವಸ್ತು ಹುಡುಕಿಕೊಟ್ಟು ದುಡ್ಡು ಮಾಡಲು ಬಳಸುತ್ತಾರೆ. ನಮ್ಮ ಕಡೆಯವರ ಕೈಗೆ ಸಿಕ್ಕಿದ್ದರೂ ಅದೇ ಆಗುತ್ತಿತ್ತು ಅಂತ ನೋಡಿದವರೆಲ್ಲ ಹೇಳುತ್ತಾರೆ.

ಧಾರಾವಾಹಿ ಬಿಡದೆ ನೋಡುವ ನನ್ನ ಅಕ್ಕನಿಗೆ ಕೊರಿಯಾದ 'ಸಿಗ್ನಲ್' ಕೊಟ್ಟೆ. 2016ರದು, 16 ಕಂತು. ಹಳೇ ವಾಕಿಟಾಕಿಯೊಂದರಲ್ಲಿ ಇವತ್ತಿನ ಪೊಲೀಸರ ಜೊತೆ ಹಿಂದಿನ ಕಾಲದ ಒಬ್ಬ ಪತ್ತೇದಾರ ಮಾತಾಡುತ್ತಾನೆ. ಇಲ್ಲಿ ಕಳೆದದ್ದು ಬದಲಾಗುತ್ತದೆ, ಆದರೆ ಒಂದು ಜೀವ ಉಳಿದರೆ ಇನ್ನೆಲ್ಲೋ ಬೆಲೆ ತೆರಬೇಕು. "ಒಂದೇ ಕಂತು ನೋಡ್ತೀನಿ, ಜಾಸ್ತಿ ಟೈಮಿಲ್ಲ" ಅನ್ನುವವರಿಗೆ 'ಡಾಕ್ಟರ್ ಹೂ' ಎಂಬ ಬ್ರಿಟಿಷ್ ಟಿವಿ ಸರಣಿಯ 2007ರ ಕಂತು 'ಬ್ಲಿಂಕ್'. 1963ರಿಂದ ಶುರುವಾದ ಸರಣಿ ಅದು. ಆದರೂ ಈ ಕಂತಿಗೆ ಹಿಂದುಮುಂದಿನದೇನೂ ಗೊತ್ತಿರಬೇಕಿಲ್ಲ. ಕಣ್ಣು ಮಿಟುಕಿಸಿದರೆ ಹತ್ತಿರ ಬರುವ ಕಲ್ಲಿನ ವಿಗ್ರಹಗಳ ಕಥೆ. ರಾತ್ರಿ ಒಬ್ಬರೇ ನೋಡುವುದು ಬೇಡ.

ಇನ್ನು ನನ್ನ ಪ್ರಶ್ನೆ ಕೇಳಿ ಯೋಚನೆಗೆ ಬೀಳುವವರು. ಯಾರನ್ನೋ ಕಳೆದುಕೊಂಡವರು, ಕೊನೆಯ ಮಾತು ಆಡದೆ ಉಳಿದವರು. ಇವರ ಮುಂದೆ 'ಹಿಂದಕ್ಕೆ ಹೋಗಿ ಎಲ್ಲ ಸರಿಮಾಡಿದ' ಕಥೆ ಇಡಲು ನನಗೆ ಮನಸ್ಸು ಬರುವುದಿಲ್ಲ. ಇವರಿಗಾಗಿಯೇ ನಾನು ಎತ್ತಿಟ್ಟುಕೊಂಡಿರುವುದು ಟೆಡ್ ಚಿಯಾಂಗ್ 2007ರಲ್ಲಿ ಬರೆದ 'ದ ಮರ್ಚೆಂಟ್ ಅಂಡ್ ದ ಆಲ್ಕೆಮಿಸ್ಟ್ಸ್ ಗೇಟ್'. ಹ್ಯೂಗೋ, ನೆಬ್ಯುಲಾ ಎರಡೂ ಪ್ರಶಸ್ತಿ ಬಂದ ನೀಳ್ಗತೆ. ಬಾಗ್ದಾದಿನ ಬಟ್ಟೆ ವ್ಯಾಪಾರಿಯೊಬ್ಬ ಖಲೀಫನ ಮುಂದೆ ತನ್ನ ಕಥೆ ಹೇಳುತ್ತಾನೆ. ಒಬ್ಬ ರಸವಿದ್ಯೆಯವನ ಅಂಗಡಿಯಲ್ಲಿ ಒಂದು ಬಾಗಿಲಿದೆ. ಅದನ್ನು ದಾಟಿದರೆ 20 ವರ್ಷದ ಆಚೆಗೆ ಹೋಗುತ್ತೀರಿ. ವ್ಯಾಪಾರಿ ಇಪ್ಪತ್ತು ವರ್ಷದ ಹಿಂದೆ ಹೆಂಡತಿಯ ಜೊತೆ ಜಗಳವಾಡಿ ಊರು ಬಿಟ್ಟಿದ್ದ, ಮರಳುವಷ್ಟರಲ್ಲಿ ಅವಳು ಸತ್ತಿದ್ದಳು. ಅವನು ಬಾಗಿಲು ದಾಟಿ ಏನು ಪಡೆಯುತ್ತಾನೆ ಅನ್ನುವುದೇ ಕಥೆ. ಕಳೆದದ್ದು ಕೂದಲೆಳೆಯಷ್ಟೂ ಬದಲಾಗುವುದಿಲ್ಲ. ಆದರೆ ಅವನಿಗೆ ಮೊದಲು ಗೊತ್ತಿಲ್ಲದ ಏನೋ ಒಂದು ಗೊತ್ತಾಗುತ್ತದೆ.

ತಂದೆ ತೀರಿಕೊಂಡ ಮೇಲೆ ಮಾತು ಕಡಿಮೆ ಮಾಡಿದ್ದ ಒಬ್ಬ ಸಹೋದ್ಯೋಗಿಗೆ ಈ ಕಥೆಯನ್ನು ಓದಲು ಕೊಡಲಿಲ್ಲ. ಸ್ಟಾಫ್ ರೂಮಿನಲ್ಲಿ ಕೂತು ಕನ್ನಡದಲ್ಲಿ ಹೇಳಿದೆ. ಕಥೆಯೊಳಗೆ ಕಥೆ, ಅದರೊಳಗೆ ಇನ್ನೊಂದು. ಬಾಯಲ್ಲಿ ಹೇಳಲು ಹೇಳಿ ಮಾಡಿಸಿದ ಹಾಗಿದೆ. ಅವರು ಮಧ್ಯೆ ಒಂದೂ ಮಾತಾಡಲಿಲ್ಲ. ಆಮೇಲೆ ತಾವೇ ಪುಸ್ತಕ ಕೇಳಿ ತೆಗೆದುಕೊಂಡು ಹೋದರು. ಅವತ್ತಿನಿಂದ ಇಂಗ್ಲಿಷ್ ಓದುವ ಅಭ್ಯಾಸ ಇಲ್ಲದವರಿಗೆ ಸಣ್ಣ ಕಥೆಗಳನ್ನು ನಾನೇ ಹೇಳಿಬಿಡುತ್ತೇನೆ. ಸರಳ ಇಂಗ್ಲಿಷ್ ಆದರೆ ಪರವಾಗಿಲ್ಲ ಅನ್ನುವವರಿಗೆ ತೊಶಿಕಾಜು ಕಾವಾಗುಚಿ ಅವರ 'ಬಿಫೋರ್ ದ ಕಾಫಿ ಗೆಟ್ಸ್ ಕೋಲ್ಡ್'. ಜಪಾನಿನ ಒಂದು ಕಾಫಿ ಅಂಗಡಿ. ಒಂದೇ ಕುರ್ಚಿಯಲ್ಲಿ ಕೂತು ಹೋಗಬೇಕು, ಎದ್ದು ಓಡಾಡುವಂತಿಲ್ಲ, ಕಾಫಿ ಆರುವ ಮುಂಚೆ ಮರಳಬೇಕು, ಹೋಗಿ ಏನು ಮಾಡಿದರೂ ಇವತ್ತಿನದು ಬದಲಾಗುವುದಿಲ್ಲ. ಅಷ್ಟಾದರೂ ಜನ ಹೋಗುತ್ತಾರೆ.

ಒಂದು ಪುಸ್ತಕವನ್ನು ಮಾತ್ರ ಯಾರು ಯಾವ ಉತ್ತರ ಕೊಟ್ಟರೂ ಓದಿ ಅನ್ನುತ್ತೇನೆ: ಆಕ್ಟೇವಿಯಾ ಬಟ್ಲರ್ ಅವರ 'ಕಿಂಡ್ರೆಡ್', 1979. 'ಯಾವ ಕಾಲಕ್ಕೆ ಹೋಗ್ತೀರಿ?' ಅಂತ ತರಗತಿಯಲ್ಲಿ ಕೇಳಿದರೆ ಹುಡುಗರು ರಾಜರ ಕಾಲ, ಯುದ್ಧ ಅನ್ನುತ್ತಾರೆ. ಹುಡುಗಿಯರಲ್ಲಿ ಹಲವರು 'ಹಿಂದಕ್ಕೆ ಬೇಡ ಸರ್, ಮುಂದಕ್ಕೆ' ಅನ್ನುತ್ತಾರೆ. ಯಾಕೆ ಅಂತ ಈ ಕಾದಂಬರಿ ಓದಿದರೆ ಗೊತ್ತಾಗುತ್ತದೆ. 1976ರ ಕ್ಯಾಲಿಫೋರ್ನಿಯಾದಲ್ಲಿರುವ ಕಪ್ಪು ಹೆಣ್ಣುಮಗಳು ಡಾನಾ, ತನ್ನ ಇಚ್ಛೆಯಿಲ್ಲದೆ ಗುಲಾಮಗಿರಿ ಇದ್ದ ಕಾಲದ ಮೇರಿಲ್ಯಾಂಡಿಗೆ ಎಳೆಯಲ್ಪಡುತ್ತಾಳೆ. ಅಲ್ಲಿ ತೋಟದ ಒಡೆಯನ ಮಗನನ್ನು ಮತ್ತೆ ಮತ್ತೆ ಸಾವಿನಿಂದ ಉಳಿಸಬೇಕು, ಯಾಕೆಂದರೆ ಅವನೂ ಅವಳ ಪೂರ್ವಜ. ಹಳೇ ಕಾಲವೇ ಚೆನ್ನಾಗಿತ್ತು ಅಂತ ನಮ್ಮೂರಲ್ಲೂ ಹೇಳುವವರಿದ್ದಾರೆ. ಯಾರಿಗೆ ಚೆನ್ನಾಗಿತ್ತು ಅಂತ ಕೇಳುವ ಕಥೆ ಇದು. ಯಂತ್ರವಿಲ್ಲ, ವಿವರಣೆಯಿಲ್ಲ, ಭಯ ಮಾತ್ರ ನಿಜವಾದದ್ದು.

ಭಾರತದ ಇತಿಹಾಸ ಬೇಕು ಅನ್ನುವವರಿಗೆ ಜಯಂತ್ ನಾರ್ಳೀಕರ್ ಅವರ ಪಾಣಿಪತ್ ಕಥೆ ಇದೆ. ಮರಾಠಿಯಲ್ಲಿ ಬಂದದ್ದು. ಎನ್‌ಸಿಇಆರ್‌ಟಿ 11ನೇ ತರಗತಿಯ ಇಂಗ್ಲಿಷ್ ಪುಸ್ತಕದಲ್ಲಿ 'ದ ಅಡ್ವೆಂಚರ್' ಅಂತ ಪಾಠವಾಗಿದೆ. 1761ರ ಪಾಣಿಪತ್ ಯುದ್ಧದಲ್ಲಿ ಪೇಶ್ವೆಯ ಮಗ ವಿಶ್ವಾಸರಾಯನಿಗೆ ಗುಂಡು ತಾಗದೆ ಪಕ್ಕದಲ್ಲಿ ಹಾದುಹೋಗಿ ಮರಾಠರು ಗೆದ್ದಿದ್ದರೆ? ಪ್ರೊಫೆಸರ್ ಗಾಯತೊಂಡೆ ಆ ಇನ್ನೊಂದು ಭಾರತದಲ್ಲಿ ರೈಲು ಹತ್ತಿ ಮುಂಬೈಗೆ ಹೋಗಿ ಲೈಬ್ರರಿಯಲ್ಲಿ ಕೂತು ಓದುತ್ತಾರೆ. ಖಗೋಳ ವಿಜ್ಞಾನಿಯೊಬ್ಬರು ಬರೆದ ಕಥೆಯಲ್ಲಿ ಉತ್ತರ ಸಿಗುವುದು ಲೈಬ್ರರಿಯಲ್ಲಿ ಅನ್ನುವುದು ನನಗೆ ಬಹಳ ಇಷ್ಟ.

ಎಲ್ಲರೂ ಮೊದಲು ಓದಬೇಕು ಅನ್ನುವ ಎಚ್. ಜಿ. ವೆಲ್ಸ್ ಅವರ 'ದ ಟೈಮ್ ಮಷೀನ್' (1895) ಅನ್ನು ನಾನು ತಡವಾಗಿ ಕೊಡುತ್ತೇನೆ. ಅದರಲ್ಲಿ ಹಿಂದಕ್ಕೆ ಹೋಗಿ ಅಜ್ಜನನ್ನೇ ಕೊಂದರೆ ನಾವು ಹುಟ್ಟುವುದು ಹೇಗೆ ಅನ್ನುವಂಥ ಒಗಟಿಲ್ಲ, ಸುತ್ತೂ ಇಲ್ಲ. ಕಥಾನಾಯಕ ನೇರ 8,02,701ನೇ ಇಸವಿಗೆ ಹೋಗುತ್ತಾನೆ. ಮೇಲೆ ಸುಖದಲ್ಲಿ ಮೈಮರೆತ ಒಂದು ಜನ, ನೆಲದಡಿ ದುಡಿಯುವ ಇನ್ನೊಂದು ಜನ. ತನ್ನ ಕಾಲದ ಶ್ರೀಮಂತರು ಮತ್ತು ಕಾರ್ಮಿಕರನ್ನೇ ವೆಲ್ಸ್ ಅಷ್ಟು ದೂರಕ್ಕೆ ತಳ್ಳಿ ನೋಡಿದರು. ಒಗಟುಗಳ ಗುಂಗು ಸ್ವಲ್ಪ ಇಳಿದ ಮೇಲೆ ಓದಿದರೆ ಅದು ಚೆನ್ನಾಗಿ ತಟ್ಟುತ್ತದೆ.

ಕೊನೆಯದಾಗಿ ಕಷ್ಟದ ಎರಡು. 2004ರ ಸಿನಿಮಾ 'ಪ್ರೈಮರ್' ಸುಮಾರು 7,000 ಡಾಲರಿನಲ್ಲಿ ಮಾಡಿದ್ದು, ಒಂದೂಕಾಲು ಗಂಟೆ ಚಿಲ್ಲರೆ. ನೋಡಿ ಅಂತ ನಾನಾಗಿ ಹೇಳುವುದಿಲ್ಲ, ಇನ್ನೂ ಬೇಕು ಅಂತ ಬಂದವರಿಗೆ ಮಾತ್ರ. ಇನ್ನೊಂದು ಜರ್ಮನ್ ಸರಣಿ 'ಡಾರ್ಕ್', 2017ರಿಂದ 2020ರವರೆಗೆ, ಮೂರು ಸೀಸನ್, 26 ಕಂತು. ವಿಂಡನ್ ಎಂಬ ಊರು, ನಾಲ್ಕು ಕುಟುಂಬ, 33 ವರ್ಷದ ಸುತ್ತು. ಟಿವಿಯಲ್ಲಿ ಬಂದ ಟೈಮ್ ಟ್ರಾವೆಲ್‌ನಲ್ಲಿ ಇದಕ್ಕಿಂತ ದೊಡ್ಡದನ್ನು ನಾನು ಕಂಡಿಲ್ಲ. ನೋಡುವುದಾದರೆ ಹೀಗೆ ನೋಡಿ. ಜರ್ಮನ್ ಧ್ವನಿಯಲ್ಲೇ ಹಾಕಿಕೊಳ್ಳಿ, ಸಬ್‌ಟೈಟಲ್ ಇರಲಿ, ಡಬ್ಬಿಂಗ್ ಬೇಡ. ಪಕ್ಕದಲ್ಲಿ ಒಂದು ನೋಟ್‌ಬುಕ್ ಇಟ್ಟುಕೊಂಡು ಪುಟವನ್ನು ಮೂರು ಭಾಗ ಮಾಡಿ: 1953, 1986, 2019. ಹೊಸ ಮುಖ ಬಂದಾಗಲೆಲ್ಲ ಆಯಾ ಇಸವಿಯ ಕೆಳಗೆ ಹೆಸರು, ಮನೆತನ ಬರೆಯಿರಿ. ವಂಶವೃಕ್ಷಕ್ಕಾಗಿ ಇಂಟರ್ನೆಟ್‌ನಲ್ಲಿ ಹುಡುಕಬೇಡಿ, ಮೊದಲ ಚಿತ್ರದಲ್ಲೇ ಎಲ್ಲ ಗುಟ್ಟು ರಟ್ಟಾಗುತ್ತದೆ. ಮೂರನೇ ಸೀಸನ್ ಶುರು ಮಾಡುವ ಮುಂಚೆ ಎರಡನೆಯದರ ಕೊನೇ ಕಂತನ್ನು ಇನ್ನೊಂದು ಸಲ ನೋಡಿಕೊಳ್ಳಿ. ಆ ಕಡೆಯ ನಿಮಿಷಗಳಲ್ಲಿ ಬರುವ ಒಂದು ಮಾತು ಹಿಡಿದುಕೊಂಡರೆ ಮುಂದಿನ ಎಂಟು ಕಂತಿನಲ್ಲಿ ದಾರಿ ತಪ್ಪುವುದಿಲ್ಲ.