ಪಾಂಪೆಯ ಒಂದು ಬೀದಿ ಮೂಲೆ, ನಮ್ಮನೆ ಮೇಜಿನ ಮೇಲೆ

ಮೊದಲು ನನಗಿದ್ದ ಆಸೆ ಇಡೀ ರೋಮ್ ನಗರದ್ದೇ ಪುಟ್ಟ ಮಾದರಿ ಮಾಡಬೇಕು ಅಂತ. ಇಟಲಿಯ ವಾಸ್ತುಶಿಲ್ಪಿ ಇಟಲೊ ಗಿಸ್ಮೊಂಡಿ 1:250 ಅಳತೆಯಲ್ಲಿ, ಅಂದರೆ ನಿಜದ 250ರಲ್ಲಿ ಒಂದು ಪಾಲಿನಷ್ಟು ಚಿಕ್ಕದಾಗಿ ಕಟ್ಟಿದ ಪ್ರಾಚೀನ ರೋಮ್‌ನ ಮಾದರಿಯ ಫೋಟೊ ನೋಡಿದರೆ ಯಾರಿಗಾದರೂ ಹಾಗೆ ಅನ್ನಿಸುತ್ತದೆ. ಆದರೆ ಆ ಅಳತೆಯಲ್ಲಿ ಒಬ್ಬ ಮನುಷ್ಯ 7 ಮಿ.ಮೀ. ಎತ್ತರ ಅಷ್ಟೇ. ನನಗೆ ಬೇಕಿದ್ದದ್ದು ಜನ ಓಡಾಡಿ ಸವೆದ ಬೀದಿ. ಹಾಗಾಗಿ 1:72 ಅಳತೆ ಇಟ್ಟುಕೊಂಡೆ, ಪಾಂಪೆಯ ಒಂದು ಬೀದಿ ಮೂಲೆ ಆರಿಸಿಕೊಂಡೆ. ಕ್ರಿ.ಶ. 79ರಲ್ಲಿ ವೆಸೂವಿಯಸ್ ಜ್ವಾಲಾಮುಖಿ ಸಿಡಿದಾಗ ಹೂತುಹೋದ ರೋಮನ್ನರ ಊರು ಅದು. ರಸ್ತೆ, ಅಂಗಡಿ, ಗೋಡೆ ಬರಹ ಎಲ್ಲ ಉಳಿದಿರುವುದರಿಂದ ಊಹಿಸಬೇಕಾದ್ದು ಕಡಿಮೆ.

ಕೆಲಸ ಶುರು ಮಾಡಿದ್ದು ರಸ್ತೆಯಿಂದ. ಫೋಮ್ ಬೋರ್ಡಿನ ಮೇಲಿನ ಕಾಗದ ಕಿತ್ತು, ಇಂಕು ಮುಗಿದ ಬಾಲ್ ಪೆನ್ನಿನಿಂದ ಒತ್ತಿ ಒತ್ತಿ ಕಲ್ಲುಗಳನ್ನು ಬರೆದೆ. ಅಲ್ಲಿನ ಕಲ್ಲುಗಳು ಚೌಕವಲ್ಲ, ಐದಾರು ಮೂಲೆಯ ಕಪ್ಪು ಜ್ವಾಲಾಮುಖಿ ಕಲ್ಲು. ರಸ್ತೆ ದಾಟಲು ನಡುವೆ ಎತ್ತರದ ಕಲ್ಲುಗಳಿರುತ್ತವೆ, ಗಾಡಿ ಚಕ್ರ ಅವುಗಳ ಪಕ್ಕದಲ್ಲಿ ಹಾಯ್ದುಹೋಗಬೇಕು. ನಾನು ಚೆಂದ ಕಾಣಲಿ ಅಂತ ಎರಡು ಕಲ್ಲು ಮೊದಲೇ ಅಂಟಿಸಿಬಿಟ್ಟೆ. ಆಮೇಲೆ ಗಾಡಿ ಜಾಡು ಕೊರೆಯಲು ಹೋದರೆ ಒಂದು ಜಾಡು ನೇರ ಕಲ್ಲಿಗೇ ಬಂದು ಗುದ್ದಿತು! ಎರಡು ಚಕ್ರಗಳ ನಡುವಿನ ಅಂತರ ಸುಮಾರು 1.4 ಮೀಟರ್, ನನ್ನ ಅಳತೆಗೆ ಹತ್ತಿರ ಹತ್ತಿರ 20 ಮಿ.ಮೀ. ಎರಡೂ ಕಲ್ಲು ಕಿತ್ತು, ಪುಟ್ಟಿ ತುಂಬಿ, ಮೊದಲು ಜಾಡು ಕೊರೆದು, ಅವುಗಳ ನಡುವೆ ಒಂದೇ ಕಲ್ಲು ಕೂರಿಸಿದೆ. ನೀವು ಮಾಡುವುದಾದರೆ ಜಾಡು ಮೊದಲು, ಕಲ್ಲು ಆಮೇಲೆ.

ಗೋಡೆಗೆ ತೆಳ್ಳಗೆ ಕಲಸಿದ ವಾಲ್ ಪುಟ್ಟಿ ಸಾಕು. ಕೆಳಗೆ ಕೆಂಪು, ಮೇಲೆ ಮಾಸಲು ಬಿಳಿ. ರೋಮ್ ಅಂದರೆ ಬರೀ ಬಿಳಿ ಅಮೃತಶಿಲೆ ಅಂದುಕೊಳ್ಳಬೇಡಿ. ಚುನಾವಣೆಗೆ ನಿಂತವರ ಹೆಸರನ್ನೂ ಅಲ್ಲಿ ಗೋಡೆಗಳ ಮೇಲೆ ಬಣ್ಣದಲ್ಲಿ ಬರೆಯುತ್ತಿದ್ದರು. ನಮ್ಮ ಕಡೆಯ ಗೋಡೆ ಬರಹದ ಹಾಗೇ ಅಲ್ವಾ? ತೀರಾ ಸಣ್ಣ ಮೊನೆಯ ಕೆಂಪು ಪೆನ್ನಿನಲ್ಲಿ ಎರಡು ಸಾಲು ಬರೆದೆ.

ಜಾಸ್ತಿ ತಲೆಕೆಡಿಸಿದ್ದು ಹೆಂಚು. ರಟ್ಟಿನ ಡಬ್ಬದ ಒಳಗಿನ ಅಲೆ ಕಾಗದ ಹಾಕಿದರೆ ತಗಡಿನ ಶೀಟಿನ ಹಾಗೆ ಕಾಣುತ್ತದೆ. ರೋಮನ್ನರದು ಎರಡು ಬಗೆಯ ಹೆಂಚು: ಅಂಚು ಎದ್ದಿರುವ ಚಪ್ಪಟೆ ಹೆಂಚು, ಸಂದಿಯ ಮೇಲೆ ನಾಡಹೆಂಚಿನಂಥ ಅರ್ಧ ಕೊಳವೆ. ಚಪ್ಪಟೆ ಹೆಂಚಿಗೆ ಡ್ರಾಯಿಂಗ್ ಶೀಟಿನ ಪಟ್ಟಿಗಳನ್ನು ಒಂದರ ಮೇಲೊಂದು ಸ್ವಲ್ಪ ಹೊದಿಸಿ ಅಂಟಿಸಿದೆ. ಕೊಳವೆಗೆ ಏನೇನೋ ಹುಡುಕಿ, ಕೊನೆಗೆ ಸಿಕ್ಕಿದ್ದು ತೆಂಗಿನ ಪೊರಕೆ ಕಡ್ಡಿ. ದಪ್ಪ ಸರಿಯಾಗಿ ಹೊಂದುತ್ತದೆ. 6 ಮಿ.ಮೀ.ಗೆ ಒಂದರಂತೆ ಫೆವಿಕಾಲ್‌ನಲ್ಲಿ ಕೂರಿಸಿ, 8 ಮಿ.ಮೀ.ಗೊಮ್ಮೆ ಬ್ಲೇಡಿನಿಂದ ಗೀರು ಹಾಕಿದರೆ ಬಿಡಿ ಬಿಡಿ ಹೆಂಚಿನ ಸಾಲೇ! ಬಣ್ಣ ಒಂದೇ ಥರ ಬೇಡ, ಅಲ್ಲೊಂದು ಇಲ್ಲೊಂದು ಹೆಂಚು ಕಪ್ಪಾಗಿರಲಿ.

ಮೂಲೆಯಲ್ಲಿ ಊಟದ ಅಂಗಡಿ. ಕಟ್ಟೆಯೊಳಗೆ ಹೂತಿಟ್ಟ ಮಡಕೆಗಳ ಬಾಯಿ ಮಾತ್ರ ಕಾಣಬೇಕು. ಎಂ-ಸೀಲ್ ಕಟ್ಟೆ ಹಸಿಯಿರುವಾಗಲೇ ಪೆನ್ನಿನ ಹಿಂಭಾಗ ಒತ್ತಿದೆ. ಮೇಲ್ಮೈಗೆ ಮೊಟ್ಟೆ ಚಿಪ್ಪಿನ ಚೂರು, ಒಡೆದ ಅಮೃತಶಿಲೆ ತುಂಡುಗಳ ಬದಲಿಗೆ.

ಎದುರಿಗೆ ನೀರಿನ ತೊಟ್ಟಿ. ಪಾಂಪೆಯ ತೊಟ್ಟಿಗಳಲ್ಲಿ ನೀರು ಬೀಳುವ ಕಲ್ಲಿನ ಪಕ್ಕದ ಅಂಚು ಗುಳಿ ಬಿದ್ದಿದೆ, ನೀರಿಗೆ ಬಗ್ಗಿದವರೆಲ್ಲ ಕೈ ಊರಿ ಊರಿ. ನನ್ನ ತೊಟ್ಟಿಯ ಅಂಚನ್ನೂ ಮರಳು ಕಾಗದದಿಂದ ಅದೇ ಜಾಗದಲ್ಲಿ ಒಂದಿಷ್ಟು ಉಜ್ಜಿದೆ.